ಅರವತ್ತೈದರ ಆರು ಸಾಲು

ಫೆಬ್ರುವರಿ 9, ಸೋಮವಾರ. ಬೆಳಿಗ್ಗೆ 6-20

ನಿನ್ನೆ ಬರೆದದ್ದರಲ್ಲಿ ತಪ್ಪಿದೆ. ಮಗಳು ಅನುಪಮಾ ಪ್ರಯೋಗಶಾಲೆಯಲ್ಲಿ ಡಿಎನ್‌ಎ ಎಳೆಗಳನ್ನು ಜಗ್ಗುತ್ತಾಳೆ ಎಂದಿದ್ದೇನೆ. ಎಳೆಗಳನ್ನಲ್ಲ; ಒಂದು ಸಲಕ್ಕೆ ಒಂದೇ ಎಳೆಯನ್ನು. ಎರಡು ತುದಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿ ಅಂಟಿಸಿ, ಮಣಿಯನ್ನು ಲೇಸರ್ ಬೆಳಕಿನಲ್ಲಿ ಹಿಡಿದು ಜಗ್ಗುವುದು. ಎಷ್ಟು ಬಲಕ್ಕೆ ಎಷ್ಟು ಉದ್ದ — ಅದೇ ಅವಳ ಥೀಸಿಸ್. ನಾಳೆ ಗೈಡ್‌ಗೆ ಕಳಿಸಬೇಕು. “ಭಾಷೆ ಮಾತ್ರ ನೋಡಿ, ಅಪ್ಪಾಜಿ” ಎಂದು ಲ್ಯಾಪ್‌ಟಾಪ್ ಕೊಟ್ಟಿದ್ದಾಳೆ.

ಅದೇ ದಿನ, ಸಂಜೆ 5-00

ಮುಗಿಯಿತು. ಸರಿಪಡಿಸಿದ ಅಲ್ಪವಿರಾಮ ನಲವತ್ತೊಂದು. ಕೊನೆಯ ಪಟ್ಟಿಯಲ್ಲಿ ಬಲದ ಅಂಕಿ ಸತತ ಏಳು ಸಾಲು 65. ಉದ್ದ ಮಾತ್ರ ಏರಿದೆ. ಜಗ್ಗಿದಷ್ಟೂ ಬಲ ಏರಬೇಕು. ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನು ನಾನು. ಒಂದೇ ರೀಡಿಂಗ್ ಮತ್ತೆ ಮತ್ತೆ ಬರೆದವರಿಗೆ ಸೊನ್ನೆ ಕೊಟ್ಟವನು. ಒಂದನ್ನು ಉಳಿಸಿ ಆರು ಸಾಲು ಅಳಿಸಿದೆ. ಅವಳಿಗೆ ಹೇಳಲಿಲ್ಲ — ಹೇಳುವಂಥದ್ದೆಂದು ಅನಿಸಲಿಲ್ಲ.

ನನ್ನ ಹೆಂಡತಿ ಗಂಗಾಂಬಿಕೆ: “ಕಣ್ಣು ಹೋದ್ರೂ ನಿಮ್ ಕೆಂಪು ಪೆನ್ ಹೋಗಲ್ಲ ಬಿಡಿ!”

ಫೆಬ್ರುವರಿ 13, ಶುಕ್ರವಾರ

ಅನುಪಮಾಗೆ ಗೈಡ್ ಫೋನ್ ಮಾಡಿದ್ದರು. ಯಂತ್ರದಲ್ಲಿರುವ ಅಂಕಿಗೂ ಥೀಸಿಸ್‌ಗೂ ತಾಳೆಯಿಲ್ಲ. ಅಂಕಿ ಮುಚ್ಚಿಟ್ಟವರ ಥೀಸಿಸ್‌ಗೆ ಸಹಿ ಹಾಕುವುದಿಲ್ಲವಂತೆ.

“ಅಪ್ಪಾಜಿ, ಟೇಬಲ್ ಏನಾದ್ರೂ ಮುಟ್ಟಿದ್ರಾ?”

“ಇಲ್ಲ.”

“ಅರವತ್ತೈದರಲ್ಲೇ ಇರೋದು ಎಲ್ಲಾ. ಅಲ್ಲಿಗೆ ಬಂದ್ರೆ ಬಲ ಏರಲ್ಲ, ಎಳೆ ಮಾತ್ರ ಉದ್ದ ಆಗ್ತಾನೇ ಹೋಗುತ್ತೆ. ನಾಲ್ಕು ವರ್ಷ ಅದನ್ನೇ ಕಾದು ನೋಡಿದೀನಿ... ನಾನೇ ಏನೋ ಒತ್ತಿರ್ಬೇಕು ಬಿಡಿ.”

ಗಂಗಾಂಬಿಕೆ ನನ್ನನ್ನು ನೋಡಿದಳು. ಚಟ್ನಿ ಬಡಿಸಿದಳು. ತಿಂದೆ. ಇಡ್ಲಿ ಮೂರು.

ಫೆಬ್ರುವರಿ 17, ಮಂಗಳವಾರ

ಶಿವರಾತ್ರಿ ಕಳೆಯಿತು. ಮೂರು ದಿನ ಬರೆದಿಲ್ಲ.

ಬೆಳಿಗ್ಗೆ ಕ್ಯಾತ್ಸಂದ್ರ ಸ್ಟೇಷನ್‌ನಲ್ಲಿ ಅನುಪಮಾ ಗೈಡ್‌ಗೆ ಬರೆದ ಕ್ಷಮಾಪಣೆ ಪತ್ರ ಕೈಗಿತ್ತಳು. “ಭಾಷೆ ನೋಡಿ, ಅಪ್ಪಾಜಿ.” ಸಾಲುಗಳು ತನ್ನ ಅಜಾಗರೂಕತೆಯಿಂದ ಅಳಿಸಿಹೋದವು ಎಂದಿತ್ತು. ಎರಡು ಸಲ ಓದಿದೆ.

“ತಪ್ಪೊಂದೂ ಇಲ್ಲ” ಎಂದೆ.

ರೈಲು ಹೋಯಿತು. ಏನೂ ಅನಿಸಲಿಲ್ಲ. ಮನೆಗೆ ಬಂದು ಚಪ್ಪಲಿ ಜೋಡಿಸಿಟ್ಟೆ. ಗೈಡ್‌ರ ವಿಳಾಸ ಥೀಸಿಸ್‌ನ ಮೊದಲ ಪುಟದಲ್ಲಿದೆ. ಅವರಿಗೆ ಕರಡು:

ಮಾನ್ಯರೇ, ಆ ಆರು ಸಾಲುಗಳನ್ನು ಅಳಿಸಿದವನು ನಾನು. ಭಾಷೆ ಮಾತ್ರ ನೋಡಲು ಹೇಳಿದ್ದಳು. ಮುಟ್ಟಿದಿರಾ ಎಂದು ಅವಳು ಕೇಳಿದಾಗ ನಾನು

17-2-2026, ಬೆಳಿಗ್ಗೆ 9 ಗಂಟೆ 47 ನಿಮಿಷ.