ಸೌಮು ಕಳಿಸಿದ ಪೊಟ್ಟಣ

ಸೆಪ್ಟೆಂಬರ್ 2, ಸೋಮವಾರ

ಅಡುಗೆಮನೆ ಅರ್ಧ ಮುಗೀತು. ಒರಳು, ಒನಕೆ, ತುರಿಮಣೆ ಒಂದು ಗೋಣಿಗೆ. ತುರಿಮಣೆ ಹಲ್ಲು ತಗುಲಿ ಬೆರಳು ಕೊಯ್ತು. ಪಿಂಗಾಣಿ ಬಟ್ಟಲುಗಳಿಗೆ ಸುತ್ತೋಕೆ ಹಳೆ ಪರೀಕ್ಷೆ ಪೇಪರ್ — ಐದನೇ ಕ್ಲಾಸಿನ ಭೂಗೋಳ. ಒಬ್ಬ ಮಹಾನುಭಾವ ನಮ್ಮ ಈ ಟಾಂಗಾ ಊರು ಸರೋವರದ ದಡದಲ್ಲಿದೆ ಅಂತ ಬರೆದಿದ್ದಾನೆ. ಕ್ಲಾಸಿನ ಕಿಟಕಿಯಾಚೆ ಸಮುದ್ರ ಕಾಣ್ತಿತ್ತಲ್ಲೋ, ಬಡವಾ!

ಇಪ್ಪತ್ತಾರು ವರ್ಷ ಬಾಡಿಗೆಗಿದ್ದ ಎರಡು ಕೋಣೆ. ಮನೆ ಮಾರಿಹೋಯ್ತು. ಹೊಸ ಮಾಲೀಕರು ಕೆಡವಿ ಅಂಗಡಿ ಕಟ್ತಾರಂತೆ. ಹನ್ನೊಂದನೇ ತಾರೀಕು ಲಾರಿ. ಮುಹೆಜಾ ಊರಲ್ಲಿ ತಂಗಿ ತಬಿಯಾ ಮನೆ ಪಕ್ಕ ಒಂದು ಕೋಣೆ ಸಿಕ್ಕಿದೆ. ಫೋನಲ್ಲಿ ಅವಳದ್ದು ಒಂದೇ ರಾಗ — “ಅಕ್ಕಾ, ಕಸ ಎಲ್ಲ ಹೊತ್ಕೊಂಡು ಬರಬೇಡ. ಇಲ್ಲಿ ಜಾಗ ಇಲ್ಲ.” ರಿಟೈರಾದ ಟೀಚರ್ ಹತ್ರ ಕಸ ಬಿಟ್ಟು ಇನ್ನೇನಿರುತ್ತೆ ಕಣೇ ಅಂದೆ.

ಎದುರು ಮನೆ ಬಾಗಿಲು ತೆರೆದಿತ್ತು. ಸೌಮು ಮಾರೋಕೆ ಗುಳಿಯಪ್ಪ ಹುಯ್ತಿದ್ದಳು. ಆ ಕಡೆ ನೋಡಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ.

ಸೆಪ್ಟೆಂಬರ್ 4, ಬುಧವಾರ. ಬೆಳಿಗ್ಗೆ 9

ಟ್ರಂಕು ತೆಗೆದೆ. ಬರೀ ಕಾಂಗಾ, ನಾವು ಹೆಂಗಸರು ಉಟ್ಟು ಹೊದೆಯೋ ಬಟ್ಟೆ. ನಲವತ್ತಮೂರು. ಒಂದೊಂದರ ಅಂಚಿನ ಮೇಲೂ ಒಂದೊಂದು ಮಾತು ಅಚ್ಚು. ‘ತಾಯಿಯ ಋಣ ತೀರದು’ — ಅಮ್ಮಂದು. ‘ನಿಧಾನವೇ ಪ್ರಧಾನ’ — ಮದುವೇಲಿ ಬಂದದ್ದು. ಗಂಡನಿಗೂ ನನಗೂ ನಿಧಾನ ಅನ್ನೋದೇ ಇರಲಿಲ್ಲ, ಮೂರು ವರ್ಷಕ್ಕೆ ತಲಾಖ್ ಆಯ್ತು. ಈ ಊರಲ್ಲಿ ಹೆಂಗಸರಿಗೆ ಜಗಳಕ್ಕೆ ಬಾಯೇ ಬೇಡ. ಬೇಕಾದ ಮಾತಿರೋ ಕಾಂಗಾ ಉಟ್ಟು ಅವರ ಮನೆ ಮುಂದೆ ಒಂದು ಸಲ ಹಾದುಹೋದರೆ ಸಾಕು.

ತಳದಲ್ಲಿ ನ್ಯೂಸ್‌ಪೇಪರ್ ಪೊಟ್ಟಣ. ದಾರ ಕೂಡ ಬಿಚ್ಚಿಲ್ಲ. ಗೊತ್ತು ಯಾವುದು ಅಂತ.

ಹನ್ನೊಂದು ವರ್ಷದ ಹಿಂದಿನ ಈದ್. ಸೌಮು ಗಂಡ ಆಗ ತಾನೇ ಎದುರು ಮನೆ ಕೊಂಡಿದ್ದ. ಅಲ್ಲೀವರೆಗೆ ಅವರೂ ನನ್ನ ಹಾಗೆ ಬಾಡಿಗೆಯವರೇ, ಇದೇ ಮನೇಲಿ, ಪಕ್ಕದ ಕೋಣೆ. ನಮಗೆ ಒಂದೇ ಒಲೆ, ಒಂದೇ ಸಾರು. ಈದ್ ಬೆಳಿಗ್ಗೆ ಹೊಸ ಮನೆ ಹೊಸ್ತಿಲಲ್ಲಿ ನಿಂತಿದ್ದಳು, ಹೊಸ ಕಾಂಗಾ, ಕೆಂಪು ಹಳದಿ. ಬೆನ್ನಿಗೆ ದಪ್ಪಕ್ಷರ — ‘ಹೊಟ್ಟೆಕಿಚ್ಚಿಗೆ ಮದ್ದಿಲ್ಲ’. ನನಗೇ ಅಂದ್ಕೊಂಡೆ. ಅಷ್ಟರಲ್ಲಿ ಅವಳ ಮಗಳು ಒಂದು ತಟ್ಟೆ ಗುಳಿಯಪ್ಪ, ಈ ಪೊಟ್ಟಣ ತಂದುಕೊಟ್ಟಳು. ಮುಟ್ಟಿ ನೋಡಿದೆ, ಬಟ್ಟೆ. ಓಹೋ, ಮನೆ ಆದ ಮೇಲೆ ನನಗೆ ಹಳೆ ಬಟ್ಟೆ ದಾನವಾ! ಪೊಟ್ಟಣ ಟ್ರಂಕಿಗೆ ಎಸೆದೆ. ತಟ್ಟೆ ತೊಳೆದು ವಾಪಸ್ ಕಳಿಸಿದೆ. ಖಾಲಿ. ತಟ್ಟೆ ಖಾಲಿ ಕಳಿಸಬಾರದು ಅಂತ ಮಕ್ಕಳಿಗೂ ಗೊತ್ತು.

ಅವತ್ತಿಂದ ಮಾತು ನಿಂತುಹೋಯ್ತು.

ಅದೇ ದಿನ. 11

ಬಿಚ್ಚಿದೆ. ಅದೇ ಕಾಂಗಾ. ಕೆಂಪು ಹಳದಿ. ಅದೇ ಮಾತು. ಒಂದು ಅಂಚು ಕತ್ತರಿಸಿದ್ದು, ಕೈಯಲ್ಲೇ ಮಡಿಚಿ ಹೊಲಿದಿದ್ದಾಳೆ. ಸೌಮು ಹೊಲಿಗೆ, ಯಾವಾಗಲೂ ಸೊಟ್ಟ.

ಜೋಡಿಯ ಇನ್ನರ್ಧ.

ಸೆಪ್ಟೆಂಬರ್ 8, ಭಾನುವಾರ

ನಾಲ್ಕು ದಿನದಿಂದ ಏನೂ ಕಟ್ಟಿಲ್ಲ. ಗೋಣಿಗಳು ಬಾಯಿ ತೆರಕೊಂಡು ಕೂತಿವೆ.

ಕಾಂಗಾ ಬರೋದೇ ಜೋಡಿ. ಒಂದು ಸೊಂಟಕ್ಕೆ, ಒಂದು ತಲೆಗೆ. ಅದನ್ನ ಕತ್ತರಿಸಿ ಅರ್ಧ ಕೊಡೋದು ಅಂದ್ರೆ... ಯಾರಿಗೂ ಕೊಡಲ್ಲ. ಒಡಹುಟ್ಟಿದವಳಿಗೆ, ಇಲ್ಲಾ ಜೀವದ ಗೆಳತಿಗೆ. ಇಬ್ಬರೂ ಒಂದೇ ಉಟ್ಟು ಒಟ್ಟಿಗೆ ಬೀದಿಗೆ ಬಂದರೆ ಆ ಮಾತು ಉಳಿದವರಿಗೆ. ನನಗಲ್ಲ. ಯಾವತ್ತೂ ನನಗಲ್ಲ.

ನನಗೇ ಅಂತ ಯಾಕೆ ಅಂದ್ಕೊಂಡೆ? ಬರೀತೀನಿ, ಯಾರು ಓದ್ತಾರೆ. ಆ ಈದ್‌ಗೆ ಒಂದು ವಾರ ಮುಂಚೆ ಮೀನಿನ ಜೈನಾಬು ಹತ್ರ ಅಂದಿದ್ದೆ — “ಮನೆ ಕೊಂಡರಂತೆ. ಗುಳಿಯಪ್ಪ ಮಾರಿ ಮನೆ ಆಗುತ್ತಾ? ಎಲ್ಲಿಂದ ಬಂತೋ ಏನೋ.” ಅದು ಸೌಮು ಕಿವಿಗೆ ಬಿತ್ತು ಅಂದ್ಕೊಂಡೆ. ಬಿದ್ದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಕತೆ.

ಆರು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡ. ಓಣಿಗೆ ಓಣಿಯೇ ಅವರ ಮನೇಲಿ ಚಾಪೆ ಹಾಸಿ ಮೂರು ದಿನ ಕೂತಿತ್ತು. ನಾನು ಬಾಗಿಲು ಹಾಕ್ಕೊಂಡು ಉತ್ತರಪತ್ರಿಕೆ ತಿದ್ದಿದೆ. ಅವನು ನನ್ನ ಸೀಮೆಎಣ್ಣೆ ಒಲೆ ಎಷ್ಟು ಸಲ ರಿಪೇರಿ ಮಾಡಿಕೊಟ್ಟಿದ್ದ. ಥೂ ನನ್ನ ಜನ್ಮಕ್ಕೆ.

ಸೆಪ್ಟೆಂಬರ್ 9, ಸೋಮವಾರ

ಬೆಳಿಗ್ಗೆ ಆ ಕಾಂಗಾ ಉಟ್ಟೆ. ಸೌಮು ನೋಡಲಿ, ಅರ್ಥ ಮಾಡ್ಕೊಳ್ಳಲಿ ಅಂತ. ಜಗುಲಿ ಮೇಲೆ ಕೂತೆ.

ಮೊದಲು ನೋಡಿದ್ದು ಜೈನಾಬು. ಮೀನಿನ ಬುಟ್ಟಿ ಇಳಿಸಿ, ನನ್ನ ಬೆನ್ನು ಓದಿ, ಎದುರು ಮನೆ ಕಡೆ ನೋಡಿ, ಬಾಯಿ ಮುಚ್ಕೊಂಡು ನಕ್ಕಳು. “ಅಯ್ಯೋ ಟೀಚರ್! ಊರು ಬಿಡೋ ಹೊತ್ತಲ್ಲೂ ಬಿಡಲ್ವಾ ನೀವು?”

ಹೌದಲ್ಲ. ಓದೋರಿಗೆ ಅದು ಬೈಗುಳವೇ. ಒಳಗೆ ಓಡಿ ಕಳಚಿಟ್ಟೆ. ಸೌಮು ಕಿಟಕಿ ಪರದೆ ಅಲ್ಲಾಡ್ತಿತ್ತು. ನೋಡಿದಳೋ ಏನೋ.

ಬಟ್ಟೆ ಮಾತಾಡಿದ್ದು ಸಾಕು. ಬಾಯಲ್ಲೇ ಹೇಳಬೇಕು.

ಸೆಪ್ಟೆಂಬರ್ 10, ಮಂಗಳವಾರ. ಸಂಜೆ 4

ಹೋಗಿದ್ದೆ.

ಬಾಗಿಲಲ್ಲಿ ನಿಂತು ‘ಹೋಡಿ’, ಒಳಗೆ ಬರಲಾ, ಅಂದೆ. ಉತ್ತರ ಇಲ್ಲ. ಮತ್ತೆ ಅಂದೆ. ಇಲ್ಲ. ಮೂರು ಸಲಕ್ಕೂ ಒಳಗಿಂದ ಸದ್ದು ಬರದಿದ್ದರೆ ವಾಪಸ್ ಹೋಗಬೇಕು, ಅದು ಮರ್ಯಾದೆ. ಮೂರನೇದೂ ಅಂದುಬಿಟ್ಟೆ.

“ಬಾ.”

ಅಕ್ಕಿ ಹಿಟ್ಟು ಕಲಸ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಕೂದಲು ಎಷ್ಟು ಬೆಳ್ಳಗಾಗಿದೆ... ಎದುರು ಮನೆಯಿಂದ ಇದೂ ಕಂಡಿರಲಿಲ್ಲ. ಪೊಟ್ಟಣ ಮುಂದೆ ಇಟ್ಟೆ. “ಮೊನ್ನೆ ಬಿಚ್ಚಿದೆ ಸೌಮು. ಮೊನ್ನೆವರೆಗೂ ಬಿಚ್ಚಿರಲಿಲ್ಲ.”

ಕೈ ನಿಂತಿತು. “ಒಂದು ದಾರ ಬಿಚ್ಚೋಕೆ ಹನ್ನೊಂದು ವರ್ಷ ಬೇಕಾಯ್ತಾ? ಭಾರಿ ಓದಿದೋಳು ನೀನು.”

“ನನಗೇ ಅಂದಿದ್ದು ಅಂದ್ಕೊಂಡೆ.”

“ನಿನಗಾ! ನಮ್ಮ ನಾದಿನಿಗೆ ಕಣೇ. ಮನೆ ಕೊಂಡಿದ್ದಕ್ಕೆ ಊರೆಲ್ಲ ಉರ್ಕೊಂಡು ತಿರುಗ್ತಿದ್ದಳಲ್ಲ. ಈದ್ ಊಟಕ್ಕೆ ಇಬ್ಬರೂ ಇದನ್ನೇ ಉಟ್ಟು ಅವಳ ಮುಂದೆ ಹೋಗಿ ಕೂರೋಣ ಅಂತಿದ್ದೆ. ನೀನು ಹೊರಗೇ ಬರಲಿಲ್ಲ. ತಟ್ಟೆ ಖಾಲಿ ಬಂತು. ಸರಿ, ಟೀಚರಿಗೆ ಗುಳಿಯಪ್ಪದೋಳ ಜೊತೆ ಜೋಡಿ ಉಡೋಕೆ ನಾಚಿಕೆ ಅಂದ್ಕೊಂಡೆ.”

ಜೈನಾಬು ಹತ್ರ ಆಡಿದ ಮಾತೂ ಹೇಳಿಬಿಟ್ಟೆ. ಹೊಟ್ಟೆಕಿಚ್ಚು ಇದ್ದದ್ದು ನಿಜ ಅಂತಾನೂ. ಅವಳು ಹಿಟ್ಟನ್ನೇ ನೋಡ್ತಿದ್ದಳು.

“ನಿನ್ನದು ಎಲ್ಲಿ?” ಅಂದೆ.

“ಹರಿದುಹೋಯ್ತು. ಮೊಮ್ಮಗೂಗೆ ಜೋಲಿ ಕಟ್ಟಿದೆ, ಆಮೇಲೆ ಪರದೆ, ಆಮೇಲೆ ನೆಲ ಒರೆಸಿದ್ದೂ ಆಯ್ತು. ಎಷ್ಟು ದಿನ ಇಟ್ಕೊಳ್ಳಲಿ?” ಹಿಟ್ಟಿನ ಕೈ ಒರೆಸಿಕೊಂಡು — “ಬಟ್ಟೆ ಹಾಳಾಗಿ ಹೋಗ್ಲಿ ಕಣೇ ಕಿಬಿಬಿ. ಅವರು ಹೋದ ದಿನ ಯಾಕೆ ಬರಲಿಲ್ಲ? ಬಾಗಿಲ ಹತ್ರ ಚಾಪೆ ತುದೀಲಿ ನಿನಗೆ ಅಂತ ಜಾಗ ಬಿಟ್ಟಿದ್ದೆ. ಮೂರು ದಿನ ಯಾರನ್ನೂ ಕೂರಿಸಲಿಲ್ಲ ಅಲ್ಲಿ.”

ನಾನು ಅತ್ತುಬಿಟ್ಟೆ, ಅಷ್ಟೇ. ಅವಳು ಅಳಲಿಲ್ಲ.

“ಹೋಗು. ನಾಳೆ ಲಾರಿ ಬರುತ್ತಲ್ಲ. ಕಟ್ಟೋದಿರುತ್ತೆ.”

ಸೆಪ್ಟೆಂಬರ್ 11, ಬುಧವಾರ. ಬೆಳಿಗ್ಗೆ 8

ಎಲ್ಲ ಏರಿತು. ಮಂಚ, ಟ್ರಂಕು, ಒಂಬತ್ತು ಗೋಣಿ. ಇಪ್ಪತ್ತಾರು ವರ್ಷಕ್ಕೆ ಲಾರಿ ಅರ್ಧವೂ ತುಂಬಲಿಲ್ಲ. ಡ್ರೈವರ್ ಹಗ್ಗ ಬಿಗೀತಿದ್ದಾನೆ. ಖಾಲಿ ಜಗುಲಿ ಮೇಲೆ ಕೂತು ಬರೀತಿದ್ದೀನಿ. ಕಾಂಗಾ ಟ್ರಂಕಿಗೆ ಹಾಕಲಿಲ್ಲ, ಹೆಗಲ ಮೇಲಿದೆ, ಮಾತು ಒಳಗಡೆಗೆ ಮಡಿಚಿ.

ಎದುರು ಬಾಗಿಲು ಬೆಳಿಗ್ಗೆಯಿಂದ ತೆಗೆದಿಲ್ಲ. ಇವತ್ತು ಗುಳಿಯಪ್ಪದ ವಾಸನೆ ಮಾತ್ರ ಇದೆ. ಕಳಿಸೋಕೆ ಬರ್ತಾಳೆ ಅಂತ ಕಾಯ್ತಿದ್ದೆ, ನಾಚಿಕೆಗೆಟ್ಟೋಳು. ನಾನು ಎಲ್ಲಿಗೆ ಹೋಗಿದ್ದೆ ಅವಳ ಕಷ್ಟಕ್ಕೆ.

8.20

ಬಂದಿದ್ದಳು! ಕೈಯಲ್ಲಿ ಆ ತಟ್ಟೆ. ಅದೇ ನೀಲಿ ಅಂಚಿನ ಎನಾಮೆಲ್. ಬಿಸಿ ಗುಳಿಯಪ್ಪ. ನಗಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ನನ್ನ ಹೆಗಲ ಮೇಲಿನ ಬಟ್ಟೆ ಬಿಚ್ಚಿ, ಮಾತು ಹೊರಗೆ ಬರೋ ಹಾಗೆ ಸರಿಯಾಗಿ ಹೊದಿಸಿದಳು. ಓಣಿಯವರೆಲ್ಲ ನೋಡ್ತಾ ನಿಂತಿದ್ದರು. ಜೈನಾಬು ಬಾಯಿಗೆ ಕೈ ಇಟ್ಕೊಂಡಳು.

“ತಟ್ಟೆ ನಂದು,” ಅಂದಳು. “ವಾಪಸ್ ಬೇಕು. ಯಾರ ಕೈಲೂ ಕಳಿಸಬೇಡ, ನೀನೇ ತಗೊಂಡು ಬಾ. ಈ ಸಲ ಖಾಲಿ ತಂದರೆ ಬಾಗಿಲು ತೆಗೆಯಲ್ಲ ನೋಡು.”

ಹೋಗಿಬಿಟ್ಟಳು. ಡ್ರೈವರ್ ಹಾರ್ನ್ ಹೊಡೀತಿದ್ದಾನೆ — “ಟೀಚರ್, ಆ ತಟ್ಟೆ ಕೊಡಿ, ಹಿಂದೆ ಗೋಣಿಯೊಳಗೆ ಸೇರಿಸ್ತೀನಿ.” ಬೇಡಪ್ಪಾ ಅಂದೆ. ಇದು ಮಡಿಲಲ್ಲೇ ಬರುತ್ತೆ.