ಟೊಳ್ಳು ಗಿಟಾರ್ ಕೊಳ್ಳಲು ಹೋದವಳ ಸಿಟ್ಟು

ಅನ್ವರ್ ಮಾಸ್ಟರ್,

ನೀವು ಹೋಗಿ ಎರಡು ವರ್ಷವಾಯಿತು. ಹೋದವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುತ್ತಾಳೆ ನಮ್ಮಮ್ಮ. ಬಾರದು ಅಂದರೆ ಬರದೇ ಇರುತ್ತದೆಯೇ? ಮೂರು ತಿಂಗಳಿಂದ ಒಳಗೇ ಕುದಿಯುತ್ತಿದ್ದೇನೆ. ಯಾರ ಹತ್ತಿರ ಜಗಳವಾಡಲಿ? ನೀವೇ ಇಲ್ಲ. ಅದಕ್ಕೇ ಈ ಕಾಗದ.

ಬೆಂಗಳೂರಿನ ಆ ವಾದ್ಯಗಳ ಅಂಗಡಿಗೆ ಕಾಲಿಟ್ಟ ದಿನವೇ ನಿಮ್ಮನ್ನು ಬೈದುಕೊಂಡೆ. ಅಂಗಡಿಯವನು ನನ್ನ ಸೀರೆ, ಕೈಚೀಲ, ನೆರೆಗೂದಲು ಎಲ್ಲ ನೋಡಿ, "ಮಗನಿಗಾ ಮೇಡಂ? ಕಲಿಯೋರಿಗೆ ಆದ್ರೆ ಈ ಕಡೆ ಬನ್ನಿ" ಎಂದ. "ನನಗೇ ಬೇಕು. ಹದಿನೆಂಟು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದೀನಿ. ಒಳಗೆ ಟೊಳ್ಳಿರೋ ಹಾಲೋಬಾಡಿ ತೋರಿಸಪ್ಪ" ಎಂದೆ. "ಯಾವ ಮಾಡೆಲ್?" ಎಂದ. ಗೋಡೆಯ ಮೇಲೆ ಐದು ತೂಗುಹಾಕಿದ್ದವು. ಐದಕ್ಕೂ ಅದೇ ದುಂಡು ಸೊಂಟ, ಎದೆಯ ಎರಡು ಪಕ್ಕಕ್ಕೂ ಅದೇ ಬಾಗಿದ ಸೀಳುಗಳು. ಹೆಸರುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇದ್ದದ್ದು ಒಂದಕ್ಷರದ ವ್ಯತ್ಯಾಸ. ಬೆಲೆ ಮಾತ್ರ ಅಜಗಜಾಂತರ. ಯಾಕೆ ಎಂದು ಕೇಳಿದರೆ, "ಅದು ಹೈಯರ್ ಮಾಡೆಲ್, ಇದು ಲೋಯರ್ ಮಾಡೆಲ್" ಎಂದ. ಅಷ್ಟು ವರ್ಷ ನಿಮ್ಮ ಕೈಕೆಳಗೆ ಕಲಿತವಳು ಅಲ್ಲಿ ಪೆಚ್ಚಾಗಿ ನಿಂತಿದ್ದೆ. ರಾಗ ಕಲಿಸಿದಿರಿ, ತಾಳ ಕಲಿಸಿದಿರಿ. ಕೈಯಲ್ಲಿ ಹಿಡಿಯುವ ವಸ್ತು ಏನು ಅಂತ ಒಂದು ಮಾತು ಹೇಳಬಾರದಿತ್ತೇ?

ನನ್ನ ಭುಜದ ವಿಷಯ ನಿಮಗೆ ಗೊತ್ತಿಲ್ಲ. ನೀವು ಹೋದ ಮೇಲೆ ಶುರುವಾದದ್ದು. ಹಗಲೆಲ್ಲ ಚನ್ನಪಟ್ಟಣದ ಅಂಗಡಿಯಲ್ಲಿ ಹೊಲಿಗೆ ಮಿಷನ್ ಮುಂದೆ ಬಾಗಿ ಕೂರುವುದು, ಸಂಜೆ ಆ ಗಟ್ಟಿ ಮರದ ಗಿಟಾರನ್ನು ಎಡಭುಜಕ್ಕೆ ತೂಗುಹಾಕಿಕೊಂಡು ಮೂರು ಗಂಟೆ ನಿಲ್ಲುವುದು. ಕೊನೆಗೆ ಕೈ ಎತ್ತಿ ಜಡೆ ಹಾಕಿಕೊಳ್ಳಲೂ ಆಗದಂತಾಯಿತು. ರಾಮನಗರದ ಡಾಕ್ಟರು, "ಹೊಲಿಗೆ ಬಿಡಿ, ಇಲ್ಲ ಗಿಟಾರ್ ಬಿಡಿ" ಎಂದರು. ನಮ್ಮ ಆರ್ಕೆಸ್ಟ್ರಾ ನಡೆಸುವ ಪುಟ್ಟರಾಜು ಬಂದು, "ಜಯಕ್ಕ, ಬೇಜಾರ್ ಮಾಡ್ಕೋಬೇಡ. ಈಗ ಕೀಬೋರ್ಡಲ್ಲೇ ಗಿಟಾರ್ ಸೌಂಡು ಬತ್ತದೆ. ನೀನ್ ಒಸಿ ರೆಸ್ಟ್ ತಗೊ" ಎಂದ. ರೆಸ್ಟ್ ಅಂದರೆ ಏನು ಅಂತ ನನಗೆ ಗೊತ್ತಿಲ್ಲವೇ ಮಾಸ್ಟರ್? ಒಮ್ಮೆ ವೇದಿಕೆ ಇಳಿದರೆ ಮತ್ತೆ ಯಾರು ಹತ್ತಿಸುತ್ತಾರೆ... ಹಗುರವಾದ ಗಿಟಾರ್ ಸಿಕ್ಕಿದರೆ ಉಳಿದೇನು ಎನಿಸಿತು. ಹಗುರ ಅಂದರೆ ಒಳಗೆ ಟೊಳ್ಳಿರುವುದು. ನಿಮ್ಮದರಂತೆ.

ಟೊಳ್ಳು ಗಿಟಾರ್ ಎಂದರೆ ನನಗೆ ಯಾಕೆ ಭಯ ಅಂತ ನಿಮಗೆ ಗೊತ್ತು. ಮಾಗಡಿಯ ಆ ಮದುವೆ ನೆನಪಿದೆಯಲ್ಲ? ನಾನು ವೇದಿಕೆ ಹತ್ತಿದ ಮೊದಲ ವರ್ಷ, ನೀವೇ ಹುಡುಕಿ ಕೊಡಿಸಿದ್ದ ಹಳೆಯ ಹಾಲೋಬಾಡಿ. ಎರಡನೇ ಹಾಡಿಗೇ ಅದು ಊಳಿಡಲು ಶುರುವಾಯಿತು. ಸ್ಪೀಕರಿನ ಸದ್ದು ಗಿಟಾರಿನ ಹೊಟ್ಟೆಗೆ ಹೊಕ್ಕು, ತಿರುಗಿ ಸ್ಪೀಕರಿಗೆ ಹೋಗಿ, ಊ... ಎಂದು. ಊಟಕ್ಕೆ ಕೂತವರು ಕಿವಿ ಮುಚ್ಚಿಕೊಂಡರು. ಪಕ್ಕದಲ್ಲೇ ನಿಂತಿದ್ದ ನಿಮ್ಮ ಹಾಲೋಬಾಡಿ ಮಾತ್ರ ತೆಪ್ಪಗಿತ್ತು. ಇಳಿದ ಮೇಲೆ, "ಯಾಕೆ ಮಾಸ್ಟರ್, ನಿಮ್ಮದು ಕೂಗಲ್ಲ, ನಂದು ಕೂಗುತ್ತೆ?" ಎಂದು ಕೇಳಿದೆ. ನೀವು ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿ ಹೇಳಿದಿರಿ: "ಗಿಟಾರ್ದಲ್ಲ ಕಣ್ ಮಗ ತಪ್ಪು. ಕೈದು. ಅಂಗೈ ಅದ್ಮಿಟ್ಕೊಂಡ್ ನುಡುಸ್ಬೇಕು."

ಅದಾದ ಮೇಲೆ ಅಂಗೈ ಅದುಮಿ ಅದುಮಿ ಎಷ್ಟು ತಿಂಗಳು ಅಭ್ಯಾಸ ಮಾಡಿದೆ! ಅಕ್ಕೂರಿನ ಮನೆಯಲ್ಲಿ, ರೇಷ್ಮೆ ಹುಳದ ತಟ್ಟೆಗಳ ಪಕ್ಕ ಕೂತು. ಆದರೂ ಕೂಗುತ್ತಿತ್ತು. ಇನ್ನೆರಡು ಸಲ ಕೇಳಿದೆ. ಎರಡು ಸಲವೂ ಅದೇ ಉತ್ತರ. ಕೊನೆಗೆ ನನ್ನ ಕೈಯೇ ಸರಿಯಿಲ್ಲ ಎಂದು ಒಪ್ಪಿಕೊಂಡು, ಅದನ್ನು ಕೊಟ್ಟುಬಿಟ್ಟು, ಗಟ್ಟಿ ಮರದ್ದು ಹಿಡಿದೆ. ಅದರ ಭಾರವೇ ಇವತ್ತು ನನ್ನ ಭುಜದಲ್ಲಿ ಕೂತಿದೆ.

ಅಂಗಡಿಯಿಂದ ಬರಿಗೈಲಿ ವಾಪಸ್ಸು ಬಂದ ಮೇಲೆ ಒಂದು ತಿಂಗಳು ಓದಿದೆ, ವಿಡಿಯೋ ನೋಡಿದೆ. ನಿಧಾನವಾಗಿ ತಲೆಗೆ ಹೋಯಿತು. ಒಂದು ಜಾತಿ ಪೂರ್ತಿ ಟೊಳ್ಳು: ಒಳಗೆ ಏನೂ ಇಲ್ಲ, ಮಡಕೆಯ ಹಾಗೆ. ಹಗುರ, ನಾದ ಬೆಚ್ಚಗೆ, ಆದರೆ ಜೋರು ವೇದಿಕೆಯಲ್ಲಿ ಕೂಗುತ್ತದೆ. ಇನ್ನೊಂದು ಅರೆ ಟೊಳ್ಳು: ಹೊರಗಿನಿಂದ ಅದೇ ರೂಪ, ಒಳಗೆ ಮಾತ್ರ ಕುತ್ತಿಗೆಯಿಂದ ಬುಡದವರೆಗೆ ಮರದ ದಿಮ್ಮಿ. ಅಷ್ಟಾಗಿ ಕೂಗುವುದಿಲ್ಲ, ಆದರೆ ತೂಕ ಹೆಚ್ಚು. ಸರಿ, ನಿಮ್ಮದು ಯಾವುದು? ತಲೆಯ ಮೇಲಿನ ಹೆಸರು ಉಜ್ಜಿಹೋಗಿತ್ತು. ಒಳಗಿನ ಚೀಟಿ ಯಾವ ಕಾಲದಲ್ಲೋ ಉದುರಿತ್ತು. ತಂತಿ ಬದಲಾಯಿಸಲೂ ನಮ್ಮನ್ನು ಮುಟ್ಟಗೊಡುತ್ತಿರಲಿಲ್ಲ ನೀವು. ನಿಮ್ಮದು ಕೂಗುತ್ತಿರಲಿಲ್ಲವಲ್ಲ, ಹಾಗಾದರೆ ದಿಮ್ಮಿ ಇರಲೇಬೇಕು ಎಂದು ತೀರ್ಮಾನಿಸಿದೆ. ಹೋಗಿ ಅರೆ ಟೊಳ್ಳಿನದ್ದು ತಂದೆ.

ತಂದ ವಾರವೇ ಗೊತ್ತಾಯಿತು, ಅದು ಅದಲ್ಲ. ನಾದ ಚೆನ್ನಾಗಿತ್ತು, ನಿಮ್ಮದರ ನಾದವಾಗಿರಲಿಲ್ಲ. ಒಂದು ಗಂಟೆ ನಿಂತರೆ ಭುಜ ಮತ್ತೆ ಉರಿಯುತ್ತಿತ್ತು. ಕೂತು ಅತ್ತೆ ಮಾಸ್ಟರ್. ಭುಜದ ನೋವಿಗಲ್ಲ. ಇಷ್ಟು ಓದಿ, ಇಷ್ಟು ಯೋಚಿಸಿ ತಂದದ್ದೂ ತಪ್ಪಾಯಿತಲ್ಲ, ನನ್ನ ಕೈ ಸರಿಯಿಲ್ಲ, ಕಿವಿಯೂ ಸರಿಯಿಲ್ಲವೇನೋ ಎಂದು.

ಒಮ್ಮೆ ನಿಮ್ಮ ಗಿಟಾರನ್ನೇ ನೋಡಿಬಿಡೋಣ ಎಂದು ಹೊರಟೆ. ಅದು ಮನೆಯಲ್ಲಿಲ್ಲ. ನೀವು ತೀರಿಕೊಂಡ ತಿಂಗಳಲ್ಲೇ ನಿಮ್ಮ ತಮ್ಮ ಅದನ್ನು ಬಿಡದಿ ಹತ್ತಿರದ ಒಂದು ಹೋಟೆಲಿಗೆ ಕೊಟ್ಟಿದ್ದರು. ನಿಮ್ಮ ಹೆಂಡತಿ, ನನ್ನ ಚಾಚಿ, ಆಗ ಗಂಡ ತೀರಿಕೊಂಡವರ ಇದ್ದತ್‌ನಲ್ಲಿ ಹೊರಗೆ ಬಾರದೆ ಕೂತಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. ಹೋಟೆಲಿಗೆ ಹೋದೆ. ಕೈ ತೊಳೆಯುವ ಜಾಗದ ಮೇಲೆ, ಗೋಡೆಗೆ, ಬೆನ್ನಿನಿಂದ ಸ್ಕ್ರೂ ಹೊಡೆದು ನಿಲ್ಲಿಸಿದ್ದರು. ತಂತಿ ಒಂದೂ ಇಲ್ಲ. ಒಳಗೆ ಹಳದಿ ಬಲ್ಬು ಉರಿಯುತ್ತಿತ್ತು! ಎದೆಯ ಸೀಳುಗಳಿಂದ ಬೆಳಕು ಬೀಳಲಿ ಅಂತ. ಜನ ಅದರ ಕೆಳಗೆ ನಿಂತು ಬಾಯಿ ಮುಕ್ಕಳಿಸುತ್ತಿದ್ದರು.

ಕುರ್ಚಿ ಹಾಕಿಸಿಕೊಂಡು ಹತ್ತಿ ಸೀಳಿನೊಳಗೆ ಇಣುಕಿದೆ. ಬಲ್ಬಿನ ಬೆಳಕಲ್ಲಿ ಎಲ್ಲ ನಿಚ್ಚಳ. ದಿಮ್ಮಿಯೂ ಇಲ್ಲ, ಮಣ್ಣೂ ಇಲ್ಲ. ಪೂರ್ತಿ ಟೊಳ್ಳು. "ಇದು ಹಿಂಗೇ ಇತ್ತಾ?" ಎಂದು ಮ್ಯಾನೇಜರನ್ನು ಕೇಳಿದೆ. "ಇಲ್ಲ ಮೇಡಂ, ಒಳಗಡೆ ಬರೀ ಕಸ ತುಂಬಿತ್ತು. ಅದೇ ರೇಷ್ಮೆ ಗುಂಜು, ನೂಲ್ ತೆಗ್ದು ಉಳ್ದಿದ್ದು. ಬಲ್ಬ್ ಹಾಕಕ್ಕೆ ಜಾಗ ಇರ್ನಿಲ್ಲ. ಕಡ್ಡಿ ಹಾಕಿ ಎಲ್ಲಾನೂ ಎಳ್ದು ಎಸ್ದುಬುಟ್ಟೋ" ಎಂದ. ಕುರ್ಚಿಯಿಂದ ಇಳಿದೆ. ಗಿಟಾರ್ ವಾಪಸ್ ಕೊಡಿ ಎಂದು ಕೇಳಿದೆ. ಕೊಡಲಿಲ್ಲ. ಕೊಟ್ಟಿದ್ದರೂ ಅದು ನುಡಿಯುತ್ತಿರಲಿಲ್ಲ, ಕುತ್ತಿಗೆ ಸೊಟ್ಟಗಾಗಿತ್ತು.

ಅಲ್ಲಿಂದ ಸೀದಾ ರಾಮನಗರಕ್ಕೆ, ನಿಮ್ಮ ಮನೆಗೆ. ಚಾಚಿ ಬಿಸಿನೀರಿನ ಬಾಣಲೆ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಈ ವಯಸ್ಸಿನಲ್ಲೂ ಆ ಕೆಲಸ ಬಿಟ್ಟಿಲ್ಲ. "ಚಾಚಿ, ಮಾಸ್ಟರ್ ಗಿಟಾರ್ ಒಳಗೆ ಗುಂಜು ಯಾರು ತುಂಬಿದ್ದು?" ಎಂದೆ.

"ನಾನೇ" ಎಂದರು, ನೂಲಿನಿಂದ ಕಣ್ಣು ತೆಗೆಯದೆ. "ಮನೇಲಿ ನುಡುಸ್ವಾಗ ವೋ ಅಂತ ಅರಚೋದು. ಮಗು ನಿದ್ದೆಯಿಂದ ಎದ್ದು ಅಳೋದು. ಖಾಲಿ ಡಬರಿ ಸದ್ದು ಮಾಡ್ತದೆ, ಬಟ್ಟೆ ತುರುಕುದ್ರೆ ಸುಮ್ಕಾಯ್ತದೆ. ಅಷ್ಟೇ ಬೇಟಿ. ಗುಂಜು ತೊಳ್ದು ಒಣಗ್ಸಿ, ದಬ್ಬಳದಲ್ಲಿ ಒಸಿ ಒಸಿ ತುಂಬ್ದೆ."

"ಅವರು ನನಗೆ ಹೇಳಲೇ ಇಲ್ಲ ಚಾಚಿ."

"ಹೇಳಿರ್ತಾರೆ ಅನ್ಕೊಂಡಿದ್ದೆ. ನೀನು ಮಗಳಿದ್ದಂಗಲ್ಲ ಅವ್ರಿಗೆ?" ಎಂದವರು ಆಗ ಕೈ ನಿಲ್ಲಿಸಿದರು. "ನಾಚ್ಕೆ ಕಣಮ್ಮ. ಎಲ್ಲಾರೂ ಅನ್ವರ್ ಕೈ, ಅನ್ವರ್ ಕೈ ಅಂತಿದ್ರು. ಹೆಂಡ್ತಿ ಗುಂಜು ತುಂಬಿದ್ಲು ಅಂತ ಹೆಂಗ್ ಹೇಳ್ತಾರೆ?"

ಮಾಗಡಿಯ ಮದುವೆಯ ಕಥೆ ಹೇಳಿದೆ. ಕೈಯದೇ ತಪ್ಪು ಎಂದು ನೀವು ಹೇಳಿದ್ದು, ನಾನು ಅದನ್ನೇ ನಂಬಿಕೊಂಡು ಬದುಕಿದ್ದು. ಚಾಚಿ ಬಾಣಲೆಯಿಂದ ಕೈ ಹೊರತೆಗೆದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ತಪ್ಪು ಮಾಡುದ್ರು" ಎಂದರು. ಅಷ್ಟೇ.

ಮಾಸ್ಟರ್, ನೀವು ಕೆಟ್ಟವರಲ್ಲ. ಗೂಡಿನ ಮಾರ್ಕೆಟ್ಟಿನಲ್ಲಿ ನಮ್ಮಪ್ಪ "ಹೆಣ್ಣೈಕ್ಳಿಗ್ಯಾಕ್ ಸಾಬ್ರೆ ಗಿಟಾರು?" ಎಂದಾಗ, "ಗೌಡ್ರೆ, ನಾನು ಬೆರಳ್ ನೋಡಿ ಕಲ್ಸೋನು. ಬೆರಳಲ್ಲಿ ಗಂಡು ಹೆಣ್ಣು ಐತಾ?" ಎಂದವರು ನೀವು. ಆ ಒಂದು ಮಾತಿನಿಂದ ನನ್ನ ಬದುಕೇ ಬೇರೆಯಾಯಿತು. ಅದಕ್ಕೇ ಇಷ್ಟು ಸಿಟ್ಟು. ಬೇರೆ ಯಾರಾದರೂ ಬಚ್ಚಿಟ್ಟಿದ್ದರೆ ಹೋಗಲಿ ಎನ್ನುತ್ತಿದ್ದೆ. ಒಂದು ಹಿಡಿ ಗುಂಜಿನ ಮಾತು! ನಾಚಿಕೆಯಾಗಿದ್ದರೆ ಅದು ಹೆಂಡತಿಯ ಉಪಾಯ ಅಂತ ಹೇಳಬೇಕಿರಲಿಲ್ಲ, ನಿಮ್ಮದೇ ಅನ್ನಬಹುದಿತ್ತು. ಆದರೆ ನನ್ನ ಕೈ ಹಿಡಿದುಕೊಂಡು ಈ ಕೈದೇ ತಪ್ಪು ಅಂತ... ಅದು ಹೇಗೆ ಬಂತು ನಿಮಗೆ ಬಾಯಿ? ಎರಡನೇ ಸಲ, ಮೂರನೇ ಸಲ ಕೇಳಿದಾಗಲಾದರೂ ಒಮ್ಮೆ ನಿಮ್ಮ ಹೊಟ್ಟೆಯಲ್ಲಿ ಚುರ್ ಅನ್ನಲಿಲ್ಲವೇ?

ಮರುವಾರ ನಾನು ತಂದಿದ್ದ ಅರೆ ಟೊಳ್ಳು ಗಿಟಾರ್ ಹೊತ್ತುಕೊಂಡು ಮತ್ತೆ ಅದೇ ಅಂಗಡಿಗೆ ಹೋದೆ. ತಿಂಗಳೊಳಗೆ ಬದಲಾಯಿಸಿಕೊಳ್ಳಬಹುದು ಎಂದು ರಸೀದಿಯಲ್ಲೇ ಇತ್ತು. ಈ ಸಲ ಪ್ರಶ್ನೆ ಕೇಳಿದವಳು ನಾನು. ಮೇಲಿನ ಹಲಗೆ ಇಡೀ ಮರ ಕೆತ್ತಿದ್ದೋ, ಪದರ ಅಂಟಿಸಿ ಒತ್ತಿದ್ದೋ? ಕೆತ್ತಿದ್ದರಲ್ಲಿ ನಾದ ಹೆಚ್ಚು, ಕೂಗಾಟವೂ ಹೆಚ್ಚು. ನನಗೆ ಪದರದ್ದೇ ಸಾಕು. ತಂತಿ ಹೊರುವ ಬ್ರಿಡ್ಜಿಗೆ ಸ್ಕ್ರೂ ಹಾಕಿದೆಯೋ, ತಂತಿಯ ಬಿಗಿತಕ್ಕೆ ಸುಮ್ಮನೆ ನಿಂತಿದೆಯೋ? ನಿಮ್ಮ ಗಿಟಾರಿನ ಬ್ರಿಡ್ಜ್ ಪಕ್ಕ ಪೆನ್ಸಿಲ್ ಗೆರೆ ಇರುತ್ತಿತ್ತು. ತಂತಿ ಬಿಚ್ಚಿದಾಗ ಜರುಗಿದರೆ ಮತ್ತೆ ಅಲ್ಲೇ ಕೂರಿಸಲು ಅಂತ ಈಗ ಅರ್ಥವಾಯಿತು. ಒಳಗೆ ದಿಮ್ಮಿ ಇದ್ದಿದ್ದರೆ ಸ್ಕ್ರೂ ಹೊಡೆದೇ ಕೂರಿಸುತ್ತಿದ್ದರೇನೋ. ಆ ಗೆರೆಯನ್ನು ಎಷ್ಟು ಸಲ ನೋಡಿದ್ದೆ, ಒಂದು ಸಲವೂ ಯೋಚಿಸಲಿಲ್ಲ ನಾನು. ಒಂದೊಂದು ಗಿಟಾರನ್ನೂ ಭುಜಕ್ಕೆ ಹಾಕಿಕೊಂಡು ಇಡೀ ಹಾಡು ಮುಗಿಯುವಷ್ಟು ಹೊತ್ತು ನಿಂತೆ. ಅಂಗಡಿಯವನು ಸ್ಟೂಲು ತಂದು ಪಕ್ಕದಲ್ಲಿಟ್ಟು ತಾನೂ ಸುಮ್ಮನೆ ಕೇಳುತ್ತ ನಿಂತ. ಕೊನೆಗೆ ಆರಿಸಿದ್ದು ತೆಳು ಹೊಟ್ಟೆಯ ಪೂರ್ತಿ ಟೊಳ್ಳಿನದ್ದು. ಅವನು ಹೇಳಿದ ಲೋಯರ್ ಮಾಡೆಲ್ಲೇ.

ಗುಂಜು ಚಾಚಿಯೇ ತೊಳೆದು ಕೊಟ್ಟರು. ನಾನು ಮಲ್ ಬಟ್ಟೆಯಲ್ಲಿ ಬೆರಳುದ್ದದ ತೆಳು ಚೀಲಗಳನ್ನು ಹೊಲಿದೆ, ಬೇಕಾದಾಗ ಎಳೆದು ತೆಗೆಯಲು ದಾರ ಕಟ್ಟಿದೆ. ಮೊದಲು ಜಾಸ್ತಿ ತುಂಬಿಬಿಟ್ಟೆ, ಗಿಟಾರ್ ಮೂಕವಾಯಿತು. ಮೂರು ಚೀಲ ತೆಗೆದ ಮೇಲೆ, ಮಾಸ್ಟರ್, ನಿಮ್ಮ ನಾದ ಬಂತು. ಪಕ್ಕದಲ್ಲಿದ್ದ ಚಾಚಿ ಮುಖ ಆ ಕಡೆ ತಿರುಗಿಸಿಕೊಂಡರು.

ಕನಕಪುರದ ಆರತಕ್ಷತೆಗೆ ಅದನ್ನೇ ಹಿಡಿದು ಹೋದೆ. ಮೂರನೇ ಹಾಡಿನಲ್ಲಿ ದಪ್ಪ ತಂತಿ ಒಮ್ಮೆ ಗುರ್ ಎಂದಿತು. ನಾನು ಕೈ ನೋಡಿಕೊಳ್ಳಲಿಲ್ಲ. ಸ್ಪೀಕರಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ನಿಂತಿತು. ಕಾರ್ಯಕ್ರಮ ಮುಗಿಯುವವರೆಗೂ ಭುಜ ತಡೆಯಿತು. ಪುಟ್ಟರಾಜು ಬಂದು, "ಏನಕ್ಕ ಮಾಡ್ದೆ ಇದುಕ್ಕೆ? ಥೇಟ್ ಅನ್ವರ್ ಮಾಸ್ಟ್ರು ಕಣಕ್ಕ!" ಎಂದ. ಎಲ್ಲರೂ ನಿಂತಿದ್ದರು, ಡ್ರಮ್ ಬಾರಿಸುವವನು, ಹಾಡುವವರು, ಕೀಬೋರ್ಡಿನವನು. ನಾನು ಎಲ್ಲವನ್ನೂ ಹೇಳಿದೆ. ಗುಂಜಿನ ಮಾತು, ಡಬರಿಯ ಮಾತು, ಅದು ಯಾರ ತಲೆಯಿಂದ ಬಂದದ್ದು ಎನ್ನುವುದನ್ನೂ. ನಿಮ್ಮ ಮರ್ಯಾದೆ ಹೋಯಿತೇ? ಹೋಗಿದ್ದರೆ ಹೋಗಲಿ.

ಇನ್ನೊಂದು ಸುದ್ದಿ ಇದೆ, ನೀವು ಕೇಳಿದರೆ ನಗುತ್ತೀರೋ, ತಲೆ ತಗ್ಗಿಸುತ್ತೀರೋ. ಹೋದ ವಾರ ಚಾಚಿ ಬಾಣಲೆಯ ಒಲೆ ಆರಿಸಿ, ಕೈ ಒರೆಸಿಕೊಂಡು, "ನಂಗೂ ಒಸಿ ಕಲ್ಸು ಬೇಟಿ. ಇಷ್ಟು ವರ್ಷ ಗೋಡೆ ಆ ಕಡೆಯಿಂದ ಕೇಳಿ ಕೇಳಿ ಸಾಕಾಯ್ತು" ಎಂದರು. ಗಿಟಾರ್ ಮಡಿಲಿಗಿಟ್ಟೆ. ಹೊಸಬರ ಬೆರಳು ತಂತಿಗೆ ಉರಿಯುತ್ತದಲ್ಲ, ಮೊದಲ ದಿನ ಎಲ್ಲರೂ ಅಮ್ಮಾ ಅನ್ನುತ್ತಾರಲ್ಲ, ಅದಕ್ಕೇ "ನಿಧಾನ ಚಾಚಿ, ನೋಯುತ್ತೆ" ಎಂದೆ. ಅವರು ಒತ್ತಿ ಹಿಡಿದರು. ನಲವತ್ತು ವರ್ಷ ಕುದಿನೀರಿನಲ್ಲಿ ಬೆಂದ ಬೆರಳುಗಳು. "ಏನೂ ನೋಯಕಿಲ್ಲ" ಎಂದರು. ಮೊದಲ ಸ್ವರವೇ ಸ್ಪಷ್ಟವಾಗಿ ಬಂತು ಮಾಸ್ಟರ್. ಪ್ರತಿ ಸೋಮವಾರ ಹೋಗುತ್ತೇನೆ. ಅವರು ಏನು ಕೇಳಿದರೂ, ನನಗೆ ಗೊತ್ತಿರುವಷ್ಟನ್ನೂ ಹೇಳಿಕೊಡುತ್ತೇನೆ.

ನಿಮ್ಮ
ಜಯಾ