ತೆಳು ಚೀಟಿ, ದಪ್ಪ ಚೀಟಿ

ಆಗಸ್ಟ್ 12, ಮಂಗಳವಾರ. ಮಧ್ಯಾಹ್ನ

ಬಟ್ಟೆ ಒಣಹಾಕಿ ಬಂದೆ. ಸಾರಿಗೆ ಒಗ್ಗರಣೆ ಬಾಕಿ. ಸರ್, ಮೇಡಂ ಇಬ್ಬರಿಗೂ ವರ್ಕ್ ಫ್ರಮ್ ಹೋಮ್. ಮತ್ತೆ ಅದೇ ಮಾತು — ಎರಡು ಕ್ರೆಡಿಟ್ ಕಾರ್ಡಿನಲ್ಲಿ ಯಾವುದು? ಒಂದಕ್ಕೆ ಮೈಲ್ಸ್ ಬರುತ್ತವಂತೆ, ಅದರಲ್ಲಿ ವಿಮಾನದ ಟಿಕೆಟ್. ಇನ್ನೊಂದಕ್ಕೆ ಹೋಟೆಲ್ ಪಾಯಿಂಟ್ಸ್.

"ಎರಡೂ ತಗೊಂಡ್ರೆ?" ಎಂದರು ಮೇಡಂ.

"ಎರಡಕ್ಕೂ ಬೋನಸ್ ಬರ್ಬೇಕು ಅಂದ್ರೆ ಖರ್ಚು ತೋರಿಸೋಕೆ ವಾರಕ್ಕೊಂದು ಸೋಫಾ ತಗೋಬೇಕು, ಜ್ಯೋತ್ಸ್ನಾ."

ಮೈಲ್ಸ್ ಆದರೆ ನನಗೆ ನವೆಂಬರಿನಲ್ಲೇ ಈ ಪರದೇಶದಿಂದ ಊರಿಗೆ ರಜೆಯ ಟಿಕೆಟ್. ಹೋಟೆಲ್ ಆದರೆ ಅವರು ಡಿಸೆಂಬರಿನಲ್ಲಿ ಜಪಾನ್‌ಗೆ, ನಾನು ಊರಿಗೆ ಹೋಗುವುದು ಯುಗಾದಿ ಕಳೆದ ಮೇಲೆ.

"ಸರೋಜಾ, ನಿಂಗೆ ಯಾವಾಗಾದ್ರೂ ಓಕೆ ತಾನೆ?"

ಹೂಂ ಎಂದೆ.

ಆಗಸ್ಟ್ 14, ಗುರುವಾರ

ನಾಗಮಣಿ ಅಕ್ಕನ ಫೋನ್. ನವೆಂಬರ್ ಒಂಬತ್ತಕ್ಕೆ ಸೀಮಂತ. "ಅವ್ವ ಇಲ್ಲ. ತವರಿನ ಬಳೆ ನೀನೇ ತೊಡಿಸ್ಬೇಕು ಕಣೇ. ಇಲ್ದಿದ್ರೆ ಅವರ ಮನೆಯೋರ ಮುಂದೆ ಬರಿಗೈಲಿ ಕೂರ್ಲಾ?"

ಅದಕ್ಕೂ ಹೂಂ ಎಂದೆ. ಎರಡು ಹೂಂ ಆಯಿತು. ಯಾವುದನ್ನು ಉಳಿಸಿಕೊಳ್ಳಲಿ... ಮೇಡಂಗೆ ಹೇಳೋಣವೆಂದು ಎರಡು ಸಲ ಹಾಲ್‌ಗೆ ಹೋದೆ. ಎರಡು ಸಲವೂ "ಕಾಫಿ ಬೇಕಾ?" ಎಂದು ಕೇಳಿ ಬಂದೆ.

ಆಗಸ್ಟ್ 15, ಶುಕ್ರವಾರ

ಸರ್ ತಾಯಿ ಅನಸೂಯಜ್ಜಿ ಬೆಂಗಳೂರಿನಿಂದ ಬಂದು ತಿಂಗಳಾಯಿತು. ಬೆಳಿಗ್ಗೆ ಪೂಜೆ ಮುಗಿಸಿ ಅಂದರು, "ಸಂಕೇತ, ಎಕ್ಸೆಲ್ ಶೀಟ್ ಹಾಕಿ ಹಾಕಿ ಸಾಕಾಯ್ತು. ದೇವ್ರ ಮುಂದೆ ಚೀಟಿ ಎತ್ತಿಸೋ."

"ಅಮ್ಮಾ, ಬ್ಯಾಂಕಿನ ಟರ್ಮ್ಸ್ ಅಂಡ್ ಕಂಡಿಷನ್ಸ್ ದೇವ್ರಿಗೂ ಅರ್ಥ ಆಗಲ್ಲ."

"ಅದಕ್ಕೇ ಚೀಟಿ."

"ಅಜ್ಜಿ ರೈಟ್ ಲಾ," ಎಂದಳು ಮಗಳು ವರ್ಣಿಕಾ, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ನನ್ನ ಅಕ್ಷರ ದುಂಡಗಿದೆ ಎಂದು ನನ್ನಿಂದಲೇ ಬರೆಸಿದರು. ಕೈಗೆ ಸಿಕ್ಕ ಕಾಗದದಲ್ಲಿ ಬರೆದೆ — 'ಮೈಲ್ಸ್' ಎಂದು ತರಕಾರಿ ಬಿಲ್ಲಿನ ಹಿಂದೆ, 'ಹೋಟೆಲ್' ಎಂದು ಕ್ಯಾಲೆಂಡರಿನಿಂದ ಹರಿದ ಅಂಚಿನಲ್ಲಿ. ಅಜ್ಜಿ ಬಟ್ಟಲಲ್ಲಿ ಹಾಕಿ ಕುಲುಕಿದರು.

"ಸರೋಜಾನೇ ಎತ್ತಲಿ. ಇದು ಬೇಕು, ಅದು ಬೇಕು ಅನ್ನೋ ಆಸೆ ಇಲ್ಲದ ಕೈ."

ಕೈ ಹಾಕಿದೆ. ಬಿಲ್ಲಿನದು ತೆಳು, ಕ್ಯಾಲೆಂಡರಿನದು ದಪ್ಪ. ಬೆರಳಿಗೆ ತಿಳಿದುಹೋಯಿತು. ಬರೆಯುವಾಗ ಇದು ಹೊಳೆದೇ ಇರಲಿಲ್ಲ, ದೇವರಾಣೆ. ತಿಳಿದ ಮೇಲೆ ಯಾವುದನ್ನು ಎತ್ತಿದರೂ ಮೋಸವೇ. ನನಗೆ ಬೇಕಾದ್ದನ್ನೇ ಎತ್ತಿದರೆ ಕಳ್ಳತನವೂ ಹೌದು ಅನ್ನಿಸಿತು.

ದಪ್ಪದ್ದು ಎತ್ತಿದೆ.

ವರ್ಣಿಕಾ ಸೋಫಾ ಹತ್ತಿ ಕುಣಿದಳು. ನಾನು ದೋಸೆ ಹುಯ್ಯಲು ಹೋದೆ.

ಆಗಸ್ಟ್ 24, ಭಾನುವಾರ. ಸಂಜೆ

ಎಂಟು ದಿನ ಬರೆಯಲಿಲ್ಲ. ಅಕ್ಕನಿಗೂ ಏನೂ ಹೇಳಿಲ್ಲ.

ಬರುವ ಬುಧವಾರ ಗಣೇಶನ ಹಬ್ಬ. ಮೇಡಂ ದೇವರ ಸಾಮಾನು ತೆಗೆಯುತ್ತಿದ್ದರು. ಬಟ್ಟಲಲ್ಲಿ ಎರಡೂ ಚೀಟಿ ಹಾಗೇ ಇದ್ದವು. ಒಂದೊಂದನ್ನೇ ಬೆರಳಲ್ಲಿ ಉಜ್ಜಿ ನೋಡಿದರು.

"ಸರೋಜಾ, ಮುಟ್ಟಿದ್ರೇ ಗೊತ್ತಾಗುತ್ತಲ್ಲ. ಅವತ್ತು ನಿಂಗೆ ಗೊತ್ತಾಯ್ತಾ?"

"ಹೂಂ."

"ಮತ್ತೆ ನಮ್ಮ ಜಪಾನ್ ಚೀಟಿನೇ ಯಾಕೆ ಎತ್ತಿದೆ?"

ರೂಮಿನಿಂದ ಸರ್ ಕೂಗಿದರು, "ಜ್ಯೋ, ಫಾರ್ಮ್ ರೆಡಿ. ಸಬ್‌ಮಿಟ್ ಮಾಡ್ಲಾ?"

"ಒಂದ್ನಿಮಿಷ ಇರಿ." ಮೇಡಂ ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.

"ನವೆಂಬರ್ ಒಂಬತ್ತಕ್ಕೆ ನಮ್ಮಕ್ಕಂಗೆ..." ಎಂದೆ. ಕಣ್ಣೊರೆಸಿಕೊಂಡೆ.

"ಮುಖ ತೊಳ್ಕೊಂಡು ಬಾ. ಕೂತ್ಕೊಂಡು ಹೇಳು. ಅವರು ಕಾಯ್ತಾರೆ."

ಮುಖ ತೊಳೆದಾಯಿತು. ಅಲ್ಲಿ ಹೋಗಿ ಕಾಫಿ ಬೇಕಾ ಎಂದುಬಿಟ್ಟೇನು. ಅದಕ್ಕೇ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ —

ಮೇಡಂ, ನಮಗೆ ಅವ್ವ ಇಲ್ಲ. ಅಕ್ಕನಿಗೆ ತವರು ಅಂದರೆ ನಾನೊಬ್ಬಳೇ. ನನಗೆ ನವೆಂಬರಿನಲ್ಲೇ ಊರಿಗೆ ಹೋಗಬೇಕು.